ಆರ್ಕೆಸ್ಟ್ರಾ, ಉಳಿದದ್ದು ನಂತರ

ಯಲ್ಲೇಶ ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪ್ರೆಸ್ ಮಷೀನಿನ ಪಕ್ಕ ನಿಂತು, ಎಡಗಿವಿಯನ್ನು ಪೂರ್ತಿಯಾಗಿಯೂ ಬಲಗಿವಿಯನ್ನು ಅರ್ಧದಷ್ಟೂ ಕಂಪನಿಗೆ ಒಪ್ಪಿಸಿ ನಿವೃತ್ತನಾದ. ಕಂಪನಿಯವರು ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ತಾಸಿಗೊಮ್ಮೆ ಗಂಟೆ ಹೊಡೆಯುವ ಗಡಿಯಾರ. ಹೊಡೆಯುತ್ತದೆ ಎಂದು ಹೆಂಡತಿ ಯಶೋಧರಾ ಹೇಳುತ್ತಿದ್ದಳು, ಅವನು ನಂಬುತ್ತಿದ್ದ.

ಇಂಥವನು ಹುಬ್ಬಳ್ಳಿಯ ಅರುಣೋದಯ ಕಾಲನಿಗೆ ಪಾಶ್ಚಾತ್ಯ ಸಂಗೀತ ತಂದನೆಂದರೆ ಯಾರೂ ನಂಬಲಿಕ್ಕಿಲ್ಲ. ಕಾಲನಿಯವರೂ ಮೊದಲು ನಂಬಲಿಲ್ಲ. ಆಮೇಲೆ ಬೇರೆ ಏನನ್ನೋ ನಂಬಿದರು. ರಾದ್ಧಾಂತವಾದದ್ದು ಅದರಿಂದ.

ಯಶೋಧರಾ ಸರಕಾರಿ ಕನ್ನಡ ಶಾಲೆಯ ಟೀಚರ್. ಕಳೆದ ವರ್ಷ ಜ್ವರ ಬಂತೆಂದು ಮಲಗಿದವಳು ಹನ್ನೊಂದೇ ದಿನದಲ್ಲಿ ಹೋಗಿಬಿಟ್ಟಳು. ಅವಳ ಟ್ರಂಕನ್ನು ತೆರೆಯಲು ಯಲ್ಲೇಶನಿಗೆ ಹತ್ತು ತಿಂಗಳು ಹಿಡಿಯಿತು. ಸೀರೆಗಳನ್ನು ಗರಗದಲ್ಲಿರುವ ಅತ್ತೆ ಮುದಕವ್ವನಿಗೆ ಕಳಿಸೋಣವೆಂದು ಒಂದೊಂದಾಗಿ ಎತ್ತಿಟ್ಟಾಗ, ತಳದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಅದರ ಮೇಲೆ ಯಶೋಧರಾಳ ದುಂಡು ಅಕ್ಷರದಲ್ಲಿ, ಮಕ್ಕಳ ಪಾಟಿಯ ಮೇಲೆ ಬರೆದಂತೆ ಬಿಡಿಬಿಡಿಯಾಗಿ ಹೀಗೆ ಬರೆದಿತ್ತು: ‘ಆರ್ಕೆಸ್ಟ್ರಾ. ಉಳಿದದ್ದು ನಂತರ.’

ಮನೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿನ ಬೆಲ್ಟು ಹರಿದಿತ್ತು. ಯಲ್ಲೇಶ ವಾಲ್ವಿನ ರಬ್ಬರ್ ರಿಂಗೊಂದನ್ನು ಅದಕ್ಕೆ ಸುತ್ತಿ, ತನಗೆ ಕೇಳುವಷ್ಟು ಜೋರಾಗಿ ಹಚ್ಚಿದ. ಅವನಿಗೆ ಕೇಳುವಷ್ಟು ಜೋರು ಎಂದರೆ ಮೂರನೆಯ ಕ್ರಾಸಿನವರೆಗೆ ಎಂದು ತಿಳಿಯಬೇಕು.

ಮೊದಲು ಮಳೆ ಬಂದಂತೆ ಸುಯ್ ಎಂಬ ಸದ್ದು. ಯಶೋಧರಾ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಯಾವುದೋ ದೂರದೇಶದ ಸ್ಟೇಷನ್ನಿನಿಂದ ತುಂಬಿಕೊಂಡದ್ದು. ಒಬ್ಬ ಪರದೇಶಿ ಗೊಣಗಿದ. ಆಮೇಲೆ ಅದು ಶುರುವಾಯಿತು. ಹಾಡಲ್ಲ, ಅದರಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಕಾರ್ಖಾನೆಯಲ್ಲಿ ಪ್ರೆಸ್ಸುಗಳೆಲ್ಲ ಒಮ್ಮೆಗೇ ನಿಂತಾಗ ಒಂದು ಗಳಿಗೆ ಏನೋ ಇರುತ್ತದಲ್ಲ, ಮುಂದಿನ ಪಾಳಿಯವರು ಬರುವ ಮೊದಲು, ಅದು ಇಲ್ಲಿ ಉದ್ದಕ್ಕೆ ಹಾಸಿಕೊಂಡಿತ್ತು. ನಡುವೆ ಒಮ್ಮೆ, ಯಾವ ಸೂಚನೆಯೂ ಇಲ್ಲದೆ, ಒಂದು ಚೂಪಾದ ಊದು ಮೇಲೆದ್ದು ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮೂರನೆಯ ಸಲ ಊದಿದ ಮೇಲೆ ಸಂಗೀತ ತುಸುವೇ ಮುಂದೆ ಹೋಗಿ, ಟಕ್ ಎಂದು ನಿಂತುಬಿಟ್ಟಿತು.

ಯಲ್ಲೇಶ ನಾಲ್ಕು ಸಲ ಕೇಳಿದ. ಪ್ರತಿ ಸಲವೂ ಅಲ್ಲೇ ನಿಂತಿತು.

ಆ ಮನೆಯಲ್ಲಿ ಯಶೋಧರಾ ‘ನಂತರ’ ಎಂದದ್ದು ಯಾವುದೂ ಹಾಗೇ ಉಳಿದದ್ದಿಲ್ಲ. ಮನೆಗೆ ಬಣ್ಣ ನಂತರ ಎಂದಳು, ಆಯಿತು. ಮಗಳ ಕಾಲೇಜು ಫಾರ್ಮು ನಂತರ ಎಂದಳು, ಆಯಿತು. ಇದೊಂದು ಮಾತ್ರ ಉಳಿದಿತ್ತು. ಅವಳು ಹೋದ ವರ್ಷದ ದಿನಕ್ಕೆ ಇನ್ನು ಎಂಟು ವಾರ ಇತ್ತು. ಉಳಿದದ್ದನ್ನು ಹುಡುಕಿ ಆ ದಿನ ಅವಳ ಫೋಟೋದ ಮುಂದೆ ಹಚ್ಚಬೇಕೆಂದು ಯಲ್ಲೇಶ ನಿರ್ಧರಿಸಿದ. ಬದುಕಿದ್ದಾಗ ಅವಳಿಗೆ ಅವನು ಏನನ್ನೂ ಕೇಳಿಸಿರಲಿಲ್ಲ, ಅವಳದನ್ನೂ ಅಷ್ಟಾಗಿ ಕೇಳಿಸಿಕೊಂಡಿರಲಿಲ್ಲ.

ಮಗಳು ಸ್ನೇಹಲ್ ಧಾರವಾಡದಲ್ಲಿ ರೂಮು ಮಾಡಿಕೊಂಡು ಸರಕಾರಿ ಪರೀಕ್ಷೆಗೆ ಓದುತ್ತಿದ್ದಳು. ರವಿವಾರ ಬಂದವಳು ಟೇಪಿನ ಮುಂದೆ ಫೋನು ಹಿಡಿದಳು.

“ಯಾವ ಸಂಗೀತ ಇದ್ರೂ ಇದು ಗುರುತು ಹಿಡೀತೈತಿ, ಅಪ್ಪಾ.”

ಫೋನು ಬಹಳ ಹೊತ್ತು ಕೇಳಿ, ಗೊತ್ತಾಗಲಿಲ್ಲವೆಂದು ಹೇಳಿತು. ಸಂಜೆಯಿಂದ ಅದರ ತುಂಬ ಪ್ರೆಶರ್ ಕುಕ್ಕರಿನ ಜಾಹೀರಾತುಗಳು ಬರತೊಡಗಿದವು.

“ನಾ ಕೇಳಿದ್ದೇನು, ಇದು ತೋರಸೂದೇನು! ಇದರ ಕಿವಿ ನನ್ನಕಿಂತಾ ಹಾಳಾಗೈತಿ,” ಎಂದು ಯಲ್ಲೇಶ ಫೋನನ್ನು ಬೈದ. ಮುಂದೆ ಅವನು ಆ ಫೋನಿನ ಕ್ಷಮೆ ಕೇಳಬೇಕಾಗಿ ಬಂತು.

ಸ್ನೇಹಲ್ ಇದ್ದ ಮನೆಯ ಮಾಲಕರು ರಾಜಶೇಖರ ಮಾಸ್ತರು, ಪಿಟೀಲು ಕಲಿಸುವವರು. ಪಾಶ್ಚಾತ್ಯ ಸಂಗೀತವನ್ನು ಅವರು ಎಂದೂ ಕೇಳಿರಲಿಲ್ಲ. ಆದರೆ ಧಾರವಾಡದಲ್ಲಿ ಸಂಗೀತದ ಮಾಸ್ತರೊಬ್ಬರು ‘ನನಗ ಗೊತ್ತಿಲ್ಲ’ ಎನ್ನುವುದು ಫೇಡೆ ಅಂಗಡಿಯವನು ‘ಸಕ್ಕರಿ ಇಲ್ಲ’ ಎಂದಂತೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮೂರು ಊದಿಗೂ ತಲೆದೂಗಿದರು.

“ಪಿಕ್ಕೋಲೋ,” ಎಂದರು.

“ಏನಂದ್ರಿ?”

“ಪಿಕ್ಕೋಲೋ. ಸಣ್ಣ ಕೊಳಲು. ನೋಡ್ರಿ, ಮೂರ ಸಲ ಬರ್ತದ. ಮೊದಲನೇದು ಜನನ. ಎರಡನೇದು ಜೀವನ. ಮೂರನೇದು...” ಎಂದು ಮಾಸ್ತರು ಮೇಲೆ ಫ್ಯಾನಿನ ಕಡೆ ನೋಡಿದರು.

ಯಲ್ಲೇಶನ ಕಣ್ಣಲ್ಲಿ ನೀರು ಬಂತು. “ಅಲ್ಲಿಗೇ ಯಾಕ ನಿಂತೈತ್ರಿ?”

“ಮರಣದ ಮ್ಯಾಲೆ ಮತ್ತೇನ್ರಿ ಉಳೀತದ?”

“ಉಳಿದದ್ದು ನಂತರ ಅಂತ ಬರದಾಳಲ್ರಿ.”

ಮಾಸ್ತರು ಪಾಠಕ್ಕೆ ಹೊತ್ತಾಯಿತೆಂದು ಎದ್ದರು.

ಅಂದಿನಿಂದ ಯಲ್ಲೇಶ ಹಾಲಿನವಳಿಗೆ, ಇಸ್ತ್ರಿಯವನಿಗೆ, ಸಿಕ್ಕಸಿಕ್ಕವರಿಗೆಲ್ಲ ಪಿಕ್ಕೋಲೋ ಕುರಿತು ಹೇಳತೊಡಗಿದ. ಕಾಲನಿಯ ಸುಧಾರಣಾ ಸಮಿತಿಯ ಅಧ್ಯಕ್ಷರು ಶಾಂತಯ್ಯನವರು, ಅರಳೆ ವ್ಯಾಪಾರ ಮಾಡಿ ಮಕ್ಕಳಿಗೆ ಬಿಟ್ಟುಕೊಟ್ಟು, ಈಗ ಕಾಲನಿಯನ್ನು ಸುಧಾರಿಸುತ್ತಿದ್ದವರು. ಅವರು ಗಂಭೀರವಾಗಿ ಕೇಳಿಸಿಕೊಂಡು, “ಅದಕ್ಕ ಸಣ್ಣ ಹುಡುಗರಿಗೆ ಡ್ರಾಪ್ಸ್ ಹಾಕ್ತಾರಲ್ರಿ?” ಎಂದರು.

ಹೀಗೆ ಆರು ವಾರ ಕಳೆದವು. ಉಳಿದದ್ದು ಸಿಗಲಿಲ್ಲ. ಸಿಗದಿದ್ದರೆ ಇದ್ದಷ್ಟನ್ನೇ ಹಚ್ಚೋಣವೆಂದು ಯಲ್ಲೇಶ ಕಾರ್ಡು ಮಾಡಿಸಲು ಫರಹತಳ ಡಿಟಿಪಿ ಅಂಗಡಿಗೆ ಹೋದ. ಮನೆ ಬೌದ್ಧರದು, ಭಟ್ಟರು, ಪಿಂಡ ಎಂಬ ತಾಪತ್ರಯವಿಲ್ಲ. ಅವನು ಬರೆದುಕೊಟ್ಟದ್ದು ಇಷ್ಟೇ: ‘ದಿವಂಗತ ಯಶೋಧರಾ ಟೀಚರ್ ಇವರ ಪ್ರಥಮ ಪುಣ್ಯಸ್ಮರಣೆ. ರವಿವಾರ ಮುಂಜಾನೆ ಹನ್ನೊಂದಕ್ಕೆ. ಬುದ್ಧವಂದನೆ, ಆರ್ಕೆಸ್ಟ್ರಾ, ಊಟ.’ ಹೆಂಡತಿ ಬರೆದ ಶಬ್ದವನ್ನು ಬದಲಿಸುವ ಧೈರ್ಯ ಅವನಿಗಿರಲಿಲ್ಲ.

ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಏನೆಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಗಣಪತಿ ಹಬ್ಬದಲ್ಲಿ ಅಡ್ಡರಸ್ತೆಗೆ ಸ್ಟೇಜು ಕಟ್ಟಿ, ಮಿರಿಮಿರಿ ಕೋಟು ಹಾಕಿದವನೊಬ್ಬ ‘ಹಲೋ ಹುಬ್ಬಳ್ಳಿ’ ಎಂದು ಕೂಗಿ, ಸಿನೆಮಾ ಹಾಡಿಗೆ ಹುಡುಗಿಯರು ಕುಣಿಯುವುದೇ ಆರ್ಕೆಸ್ಟ್ರಾ. ಫರಹತ ಬಹಳ ಒಳ್ಳೆಯ ಹುಡುಗಿ, ಯಶೋಧರಾಳ ಹಳೆಯ ವಿದ್ಯಾರ್ಥಿನಿ. ಟೀಚರಿಗಾಗಿ ಏನಾದರೂ ಮಾಡಬೇಕೆಂದು ಅವಳು ತಾನೇ ಮುಂದಾಗಿ ಆರ್ಕೆಸ್ಟ್ರಾ ಎಂಬುದರ ಮೊದಲು ‘ಭರ್ಜರಿ’ ಎಂದು ಸೇರಿಸಿದಳು. ಒಂದು ಮೂಲೆಯಲ್ಲಿ ಟೀಚರ ಫೋಟೋ, ಇನ್ನೊಂದು ಮೂಲೆಯಲ್ಲಿ ಮೈಕು ಹಿಡಿದು ಸೊಂಟ ಬಳುಕಿಸಿದ ಒಬ್ಬ ಹೆಂಗಸಿನ ಚಿತ್ರ. ಕನ್ನಡಕ ಮರೆತು ಹೋಗಿದ್ದ ಯಲ್ಲೇಶ ಚಂದ ಬಂದಿದೆ ಎಂದ. ಕಾರ್ಡು ಅಂದೇ ಮನೆಮನೆಗೆ ಹಂಚಿಹೋಯಿತು.

ಮರುದಿನ ಶಾಂತಯ್ಯನವರು ಇಬ್ಬರು ಸದಸ್ಯರೊಂದಿಗೆ ಬಂದರು.

“ಯಲ್ಲೇಶಪ್ಪನವರ, ನಿಮ್ಮ ದುಃಖ ನಮಗ ತಿಳೀತೈತಿ. ಆದರ ಹೆಂಡತಿ ತೀರಿದ ವರ್ಷದ ದಿನಾ ಭರ್ಜರಿ ಆರ್ಕೆಸ್ಟ್ರಾ ಅಂದ್ರ... ಕಾಲನ್ಯಾಗ ಮರ್ಯಾದಸ್ಥ ಮಂದಿ ಅದೀವ್ರಿ.”

“ಅದನ್ನ ಅಕೀನ ಬರದಿಟ್ಟಾಳ್ರಿ.”

ಮೂವರೂ ಮುಖ ಮುಖ ನೋಡಿಕೊಂಡರು. ಟೀಚರು ಇಂಥ ಆಸೆ ಬರೆದಿಟ್ಟು ಹೋಗಿರಬಹುದೆಂದು ಯಾರು ತಿಳಿದಿದ್ದರು!

“ಎಷ್ಟ ಮಂದಿ ಇರ್ತಾರ್ರಿ?”

“ಎಂಬತ್ತ ಮಂದಿ ಇರಬಹುದ್ರಿ. ಒಮ್ಮೆಲೇ ಬಾರಸ್ತಾರ.”

“ಎಂಬತ್ತ!” ಶಾಂತಯ್ಯನವರ ದನಿ ಇಳಿಯಿತು. ಬಾಗಿಲವರೆಗೆ ಹೋದವರು ಒಬ್ಬರೇ ತಿರುಗಿ ಬಂದರು. “ಬ್ಯಾಡ ಅನ್ನಾಕ ಬಂದಿದ್ದೆ. ಟೀಚರ್ ಇಚ್ಛಾ ಅಂದಮ್ಯಾಲೆ ಮುಗೀತು. ಮುಂದಿನ ಸಾಲಿನ್ಯಾಗ ಒಂದ್ ಕುರ್ಚಿ... ನನಗ ಕಿವಿ ಸ್ವಲ್ಪ ಮಂದ.”

“ನನಗೂ ಮಂದರಿ,” ಎಂದ ಯಲ್ಲೇಶ.

ಗರಗದಿಂದ ಮುದಕವ್ವ ಫೋನು ಮಾಡಿದಳು. ನಲವತ್ತು ವರ್ಷ ಖಾದಿ ನೂತ ಕೈ ಅವಳದು, ಮಾತು ಮಾತ್ರ ದಪ್ಪ ನೂಲು. “ಏ ಅಳಿಯಾ, ನನ್ನ ಮಗಳ ಫೋಟೋದ ಬಾಜೂಕ ಕುಣಿಯಾಕಿನ್ನ ನಿಂದ್ರಸೀಯಂತಲ್ಲೋ? ಮಣ್ಣು ಆರೇತೇನೋ ಆಕೀದು?”

“ಅತ್ತಿ, ಕುಣಿಯೂದಲ್ರಿ. ಪಿಕ್ಕೋಲೋ...”

“ಆಕಿ ಹೆಸರ ಕಟಗೊಂಡು ನನಗೇನಾಗಬೇಕೋ! ನಾ ಬರಾಂಗಿಲ್ಲ.” ಫೋನು ಇಟ್ಟಳು. ಯಲ್ಲೇಶನ ಅತ್ತೆ ಪಿಕ್ಕೋಲೋವನ್ನು ಅಳಿಯನ ಎರಡನೆಯ ಹೆಂಡತಿಯೆಂದು ತಿಳಿದದ್ದು ಎರಡು ದಿನದ ಮೇಲೆ ಸ್ನೇಹಲಳಿಂದ ಗೊತ್ತಾಯಿತು. ಪರದೇಶದವಳೆಂದೂ ಗರಗದಲ್ಲಿ ಸುದ್ದಿಯಾಗಿತ್ತು.

ಶನಿವಾರ ಮಧ್ಯಾಹ್ನ ಒಂದು ಟೆಂಪೋ ಬಂದು ಮನೆ ಮುಂದೆ ನಿಂತಿತು. ಇಳಿದವನು ಗೌಸಮೊದ್ದೀನ, ಫರಹತಳ ಸೋದರಮಾವ, ಹುಬ್ಬಳ್ಳಿ ಧಾರವಾಡದ ಎಲ್ಲ ಗಣಪತಿಗಳ ಮುಂದೆ ಆರ್ಕೆಸ್ಟ್ರಾ ನಡೆಸಿದವನು.

“ಕಾಕಾ, ಎಂಬತ್ತ ಮಂದಿ ತಂಡಾ ಯಾರದರಿ ಅದು? ನಾ ಹನ್ನೆರಡ ಮಂದೀನ್ನ ಕರಕೊಂಡು ಹೊಂಟ್ರ ಊಟಾ ಸಾಲಂಗಿಲ್ಲ. ಬೆಳಗಾಂವದವರೇನು?”

ಯಲ್ಲೇಶ ಅವನನ್ನು ಕೂಡಿಸಿ ಕ್ಯಾಸೆಟ್ ಹಚ್ಚಿದ. ಗೌಸಮೊದ್ದೀನ ಒಂದು ನಿಮಿಷ ಕೇಳಿ ಎದ್ದ. ಟೆಂಪೋದಿಂದ ತನ್ನ ದೊಡ್ಡ ಹೆಡ್‌ಫೋನು ತಂದು ಹಾಕಿಕೊಂಡು, ಮೊದಲಿನಿಂದ ಹಚ್ಚಲು ಹೇಳಿದ. ಸ್ನೇಹಲ್ ಬಾಗಿಲಲ್ಲಿ ನಿಂತಿದ್ದಳು. ಕ್ಯಾಸೆಟ್ಟು ತಿರುಗಿತು, ನಿಂತಿತು.

“ಭಾಳ ಛಲೋ ಐತಿ, ಕಾಕಾ. ಆದರ ಆ ಸೀಟಿ ವಾದ್ಯದ್ದಲ್ಲ.”

“ಪಿಕ್ಕೋಲೋ ಅದು. ಧಾರವಾಡದ ಮಾಸ್ತರ ಹೇಳ್ಯಾರ.”

“ಕುಕ್ಕರ್ ಅದು, ಕಾಕಾ.”

ಯಲ್ಲೇಶ ನಕ್ಕ. ಗೌಸಮೊದ್ದೀನ ನಗಲಿಲ್ಲ.

“ಸ್ಟೇಜಿನ ಮ್ಯಾಲೆ ಯಾವ ಸಪ್ಪಳ ಎಲ್ಲಿಂದ ಬಂತು ಅಂತ ಹುಡುಕೂದ ನನ್ನ ಕೆಲಸ. ಇದು ಅಡಗಿಮನಿ. ಬಳಿ ಸಪ್ಪಳ ಐತಿ. ಯಾರೋ ಬಳ್ಳೊಳ್ಳಿ ಕುಟ್ಟಾಕತ್ತಾರ. ಬಾಜಾ ಸಣ್ಣಗ ಆದಕೂಡ್ಲೆ ಕುಟ್ಟೂದು ನಿಲ್ಲಸ್ತಾರ, ಕೇಳಾಕ. ಮೂರ ಸೀಟಿ ಆತು, ಗ್ಯಾಸ್ ಆರಿಸಿದ್ರು. ಆಮ್ಯಾಲೆ ಬಾಗಲಾ ತಗದ ಸಪ್ಪಳ. ಒಬ್ಬಾಂವ ಗಂಡಸು ಬಂದಾನ.” ಅವನು ಹೆಡ್‌ಫೋನು ಕಿವಿಗೆ ಒತ್ತಿ ಇನ್ನೊಮ್ಮೆ ಕೇಳಿದ. “ದೂರಿಂದ ಅಂತಾನ, ‘ಏ, ಬಂದ್ ಮಾಡ ಆ ಗದ್ಲಾ. ಹಸದೇನಿ, ಊಟಕ್ಕ ಹಾಕು.’ ಅಲ್ಲೇ ಟಕ್. ಯಾರ್ರಿ ಕಾಕಾ ಆ ರಸಗೆಟ್ಟ ಮನಷ್ಯಾ?”

ಯಲ್ಲೇಶ ಟೇಪಿನ ರಬ್ಬರ್ ರಿಂಗನ್ನು ಬೆರಳಿನಿಂದ ಸರಿಮಾಡಿದ.

“ಪ್ರೆಸ್ಸಿನ್ಯಾಗ ಕೆಲಸಾ ಮಾಡ್ತಿದ್ದ,” ಎಂದ.

“ತೀರಕೊಂಡಾನೇನು?”

“ಇಲ್ಲ.”

ಸ್ನೇಹಲ್ ಬಂದು, ಟೇಪನ್ನು ಎರಡು ಮತ್ತು ಮೂರನೆಯ ಸೀಟಿಗಳ ನಡುವೆ, ಬಳೆಯೂ ಸದ್ದು ಮಾಡದ ಒಂದು ಜಾಗಕ್ಕೆ ತಂದು, ಅದನ್ನಷ್ಟೇ ಫೋನಿಗೆ ಕೇಳಿಸಿದಳು. ನಾಲ್ಕು ಸೆಕೆಂಡಿಗೆ ಹೆಸರು ಬಂತು. ನಾಲಗೆ ಹೊರಳದ ಹೆಸರು, ಹಿಮದ ದೇಶದ ಯಾರೋ ನೂರು ವರ್ಷದ ಹಿಂದೆ ಬರೆದದ್ದು. ಇಡೀ ಜಗತ್ತಿನಲ್ಲಿ ಅದರ ರೆಕಾರ್ಡು ಇದ್ದದ್ದು ಎರಡೇ. ಅಂತರ್ಜಾಲದಲ್ಲಿ ಕೇಳಿದವರು ಇನ್ನೂರಾ ಹದಿನಾಲ್ಕು ಮಂದಿ.

“ನಮ್ಮ ಕಾಲನಿಕಿಂತ ಕಡಿಮಿ,” ಎಂದ ಯಲ್ಲೇಶ. “ಹಚ್ಚಬ್ಯಾಡ ಈಗ. ನಿಮ್ಮವ್ವ ಕೇಳಲಾರದ್ದನ್ನ ನಾವು ಕದ್ದು ಕೇಳೂದು ಬ್ಯಾಡ. ನಾಳೆ ಎಲ್ಲಾರ ಮುಂದ ಮೊದಲ ಕ್ಯಾಸೆಟ್ಟು, ಅದು ನಿಂತಲ್ಲಿಂದ ಉಳಿದದ್ದು.”

“ಅಪ್ಪಾ, ಕ್ಯಾಸೆಟ್ಟಿನ ಕಡೀಕ ನಿನ್ನ ದನಿ...”

“ಇರಲಿ.”

ಗೌಸಮೊದ್ದೀನ ಆಗ ತಲೆಯೆತ್ತಿ ನೋಡಿದ. ಹೆಡ್‌ಫೋನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡ. “ನನ್ನ ಸ್ಪೀಕರ್ ಬಾಕ್ಸ್ ತರ್ತೇನ್ರಿ ಕಾಕಾ, ನಾಳೆ,” ಎಂದಷ್ಟೇ ಹೇಳಿ ಹೋದ.

ಇಷ್ಟು ವರ್ಷ ಬಾಕಿಯಿದ್ದ ಉಳಿದದ್ದು ದೊಡ್ಡದೇ ಇರಬೇಕೆಂದು ಯಲ್ಲೇಶ ಎಣಿಸಿದ. ಅರ್ಧ ತಾಸು ಹಿಡಿಯಬಹುದು, ಒಂದು ತಾಸೂ ಹಿಡಿಯಬಹುದು. ಅಡುಗೆಯವರಿಗೆ ಒಂದು ಗಂಟೆಯ ಮೊದಲು ಎಲೆ ಹಾಕಬೇಡಿರೆಂದು ಹೇಳಿದ.

ರವಿವಾರ ಪೆಂಡಾಲು ತುಂಬಿತು. ಪಕ್ಕದ ಕಾಲನಿಯವರೂ ಬಂದಿದ್ದರು. ಶಾಂತಯ್ಯನವರು ಜರಿ ಪಟಗ ಸುತ್ತಿ ಮುಂದಿನ ಸಾಲಿನ ನಟ್ಟನಡುವೆ ಕುಳಿತಿದ್ದರು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮುದಕವ್ವ ಬಂದಳು. ಬರುವುದಿಲ್ಲವೆಂದವಳು ಬಿಳಿ ಖಾದಿ ಸೀರೆಯಲ್ಲಿ ನೆಟ್ಟಗೆ ನಡೆದುಬಂದು, ಶಾಂತಯ್ಯನವರ ಬಾಜೂಕಿನ ಕುರ್ಚಿಯನ್ನು ತಿರುಗಿಸಿ, ಸ್ಟೇಜಿಗೆ ಬೆನ್ನು ಮಾಡಿ ಕೂತಳು.

ಬುದ್ಧವಂದನೆಯಾಯಿತು. ಎಂಬತ್ತು ಮಂದಿ ಎಲ್ಲಿಂದ ಇಳಿಯುವರೆಂದು ಹುಡುಗರು ಗೇಟಿನ ಕಡೆ ನೋಡುತ್ತಿದ್ದರು. ಯಲ್ಲೇಶ ಯಶೋಧರಾಳ ಫೋಟೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟ. ಗೌಸಮೊದ್ದೀನ ಅದರ ಬಾಯಿಗೆ ಮೈಕು ಹಿಡಿದ, ದೊಡ್ಡ ಗಾಯಕರಿಗೆ ಹಿಡಿದಂತೆ.

ಸುಯ್ ಎಂದಿತು. ಪರದೇಶಿ ಗೊಣಗಿದ. ಸಂಗೀತ ಶುರುವಾಯಿತು. ಕುಣಿಯಲು ಎದ್ದಿದ್ದ ನಾಲ್ಕು ಹುಡುಗರು ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಕೂತುಬಿಟ್ಟರು.

ಮೊದಲ ಸೀಟಿ ಹೊಡೆದಾಗ ಪೆಂಡಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ತಂತಮ್ಮ ಮನೆಯ ಕಡೆ ತಿರುಗಿ ನೋಡಿದರು. ಎದುರು ಮನೆಯ ಮದೀನಾಬಿ, “ಯಾ ಅಲ್ಲಾ, ಗ್ಯಾಸ್!” ಎಂದು ಎದ್ದು ಓಡಿದಳು. ಎಂಟು ವಾರ ಪಿಕ್ಕೋಲೋ ಆಗಿ ಮೆರೆದದ್ದನ್ನು ಅವರೆಲ್ಲ ಅರೆಕ್ಷಣದಲ್ಲಿ ಗುರುತು ಹಿಡಿದಿದ್ದರು.

ಎರಡನೆಯ ಸೀಟಿಗೆ ಮುದಕವ್ವನ ಬೆನ್ನು ಅಲುಗಿತು. ಅವಳು ಎದ್ದು ಕುರ್ಚಿಯನ್ನು ತಿರುಗಿಸಿ ಸ್ಟೇಜಿಗೆ ಮುಖ ಮಾಡಿ ಕೂತಳು. ಬಾಕ್ಸಿನಲ್ಲಿ ಬಳೆ ಸಣ್ಣಗೆ ಸದ್ದು ಮಾಡಿತು. ಕುಟ್ಟುವುದು ನಿಂತಿತು, ಮತ್ತೆ ಶುರುವಾಯಿತು.

ಮೂರನೆಯ ಸೀಟಿ. “ಸಾಕು, ಇಳಸ ನನ್ನವ್ವಾ,” ಎಂದಳು ಮುದಕವ್ವ, ಬಾಕ್ಸಿಗೆ.

ಆಗ ಆ ಗಂಡಸು ಬಂದ. ‘ಏ, ಬಂದ್ ಮಾಡ ಆ ಗದ್ಲಾ. ಹಸದೇನಿ, ಊಟಕ್ಕ ಹಾಕು.’

ಆಳೆತ್ತರದ ಬಾಕ್ಸುಗಳಲ್ಲಿ ಅದು ಯಲ್ಲೇಶನ ಅರ್ಧ ಕಿವಿಗೂ ಕೇಳಿತು. ಎಷ್ಟು ಎಳೆಯ ದನಿ. ಹೊಸ ನೌಕರಿಯ ದನಿ. ಅದರಲ್ಲಿ ಸಿಟ್ಟೂ ಇರಲಿಲ್ಲ.

ಟಕ್.

ಪೆಂಡಾಲು ಘೊಳ್ಳೆಂದು ನಕ್ಕಿತು. ಶಾಂತಯ್ಯನವರು ಎಲ್ಲರಿಗಿಂತ ಜೋರಾಗಿ, “ಭಲೇ! ಯಾವ ಮನ್ಯಾಂವಪ್ಪಾ ಇಂವಾ!” ಎಂದು ಚಪ್ಪಾಳೆ ತಟ್ಟಿ ಯಲ್ಲೇಶನ ಕಡೆ ನೋಡಿದರು. ತಟ್ಟಿದ ಕೈ ಹಾಗೇ ಉಳಿಯಿತು. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದಾಗಿ ಆರುತ್ತ ಹೋಯಿತು.

“ಹಚ್ಚವಾ,” ಎಂದ ಯಲ್ಲೇಶ. ಸ್ನೇಹಲ್ ಫೋನಿನಲ್ಲಿ, ಕ್ಯಾಸೆಟ್ಟು ನಿಂತ ಜಾಗದಿಂದ ಉಳಿದದ್ದನ್ನು ಹಚ್ಚಿದಳು.

ಸುಯ್ ಎನ್ನದ, ಸ್ವಚ್ಛವಾದ ಸಂಗೀತ ಹರಿದುಬಂತು. ಎಂಬತ್ತು ಮಂದಿ ಒಂದು ಕಡೆ ಕೂಡಿಕೊಂಡರು, ಸ್ವಲ್ಪ ಮೇಲೆ ಹೋದರು. ಅಲ್ಲಿ ಏನೋ ನೆನಪಾದಂತೆ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಕೆಳಗಿಳಿದು ಹೋದರು. ಕೊನೆಗೆ ಒಂದೇ ಪಿಟೀಲು ಉಳಿಯಿತು. ಅದೂ ಹೋಯಿತು.

ಯಾರೂ ಮಿಸುಕಲಿಲ್ಲ. ಮುಂದಿನದು ಈಗ ಬರುತ್ತದೆಂದು ಎಲ್ಲರೂ ಕಾದರು. ಯಲ್ಲೇಶನೂ ಕಾದ.

“ಆಮ್ಯಾಲೆ?” ಎಂದರು ಶಾಂತಯ್ಯನವರು.

ಸ್ನೇಹಲ್ ಫೋನು ನೋಡಿದಳು. “ಮುಗೀತ್ರಿ.”

“ಇಷ್ಟ?”

“ನಲವತ್ತ ಸೆಕೆಂಡ್ ಉಳದಿತ್ರಿ.”

ಮುದಕವ್ವ ಎದ್ದು ಅಳಿಯನ ಹತ್ತಿರ ಬಂದಳು. ಹೊಡೆಯುತ್ತಾಳೆಂದು ಎಲ್ಲರೂ ತಿಳಿದರು. ಯಲ್ಲೇಶನೂ ಹಾಗೇ ತಿಳಿದು, ಕೇಳದ ಕಿವಿಯ ಕಡೆಯ ಕೆನ್ನೆಯನ್ನು ಅವಳಿಗೆ ತಿರುಗಿಸಿ ನಿಂತ.

“ಅಷ್ಟ ಉಳದಿತ್ತೇನು?”

“ಅಷ್ಟ ಉಳದಿತ್ರಿ, ಅತ್ತಿ.”

“ನೀ ಕೈಕಾಲ ತೊಳಕೊಂಡು ಬರೂದ್ರಾಗ ಮುಗೀತಿತ್ತಲ್ಲೋ, ಖೋಡಿ.”

“ಹೌದ್ರಿ.”

ಮುದಕವ್ವ ಸೆರಗಿನಿಂದ ಅವನ ಮುಖ ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು. ಅಡುಗೆಯವರು ಎಲೆ ಹಾಕಲು ಇನ್ನೂ ಒಂದೂವರೆ ತಾಸು ಇತ್ತು. ಅಷ್ಟು ದೊಡ್ಡ ಹೊತ್ತನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬೊಬ್ಬರೇ ಬಂದು ಟೀಚರಿನ ಫೋಟೋದ ಮುಂದೆ ನಿಂತು, ಕುಟ್ಟುವ ಸದ್ದು ಇನ್ನೂ ಬರಬಹುದೇನೋ ಎಂಬಂತೆ ಸ್ವಲ್ಪ ಬಾಗಿ ಕೇಳಿ ಹೋದರು.

ಊಟವಾಗಿ, ಮಂದಿ ಕರಗಿ, ಪೆಂಡಾಲಿನವರು ಕುರ್ಚಿ ಒಯ್ದ ಮೇಲೆ ನಾಲ್ವರು ಮನೆಯಲ್ಲಿ ಉಳಿದರು. ಸ್ನೇಹಲ್ ಪೂರ್ತಿ ರೆಕಾರ್ಡನ್ನು ಮೊದಲಿನಿಂದ ಹಚ್ಚಿದಳು. ಯಲ್ಲೇಶ ಬಲಗಿವಿಗೆ ಅಂಗೈ ಹಿಡಿದು ಕೂತ. ಅರ್ಧಕ್ಕೇ ಕೈ ಇಳಿಸಿದ.

“ಇದರಾಗ ಏನೋ ಕಡಿಮಿ ಐತಿ.”

“ಸೀಟಿ, ಕಾಕಾ,” ಎಂದ ಗೌಸಮೊದ್ದೀನ.

ಯಲ್ಲೇಶ ಎದ್ದು ಅಡುಗೆಮನೆಗೆ ಹೋದ. ಡಬ್ಬಿಗಳು ಒಂದರ ಮೇಲೊಂದು ಬೀಳುವ ಸದ್ದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೇಳಿತು.

“ಒಂದ ವಾಟಗ ಬ್ಯಾಳಿ, ಮೂರ ವಾಟಗ ನೀರು,” ಎಂದು ಮುದಕವ್ವ ಕೂತಲ್ಲಿಂದಲೇ ಕೂಗಿದಳು. “ಅರಿಷಿಣಾ ಮರೀಬ್ಯಾಡ.”

“ಸ್ನೇಹಲ್, ಬಂದ್...” ಎಂದ ಯಲ್ಲೇಶ ಒಳಗಿನಿಂದ. ಮಾತು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, “ಅದು ಮುಗೀಲಿ, ಅವಸರಿಲ್ಲ. ಮುಗದಮ್ಯಾಲೆ ಇನ್ನೊಮ್ಮೆ ಮೊದಲಿಂದ ಹಚ್ಚಂತಿ. ಅಷ್ಟರಾಗ ಕುಕ್ಕರ್ ಇಡತೇನಿ,” ಎಂದ.

ಗ್ಯಾಸು ಹತ್ತಿತು. ಯಾರಿಗೂ ಹಸಿವಿರಲಿಲ್ಲ.